ಹತ್ತು ಗಂಟೆಯ ವಿಮಾನ

ಆಗೆಲ್ಲ ನಾನು ಮಾತಿನಲ್ಲಿ ಸೋತವಳೇ ಅಲ್ಲ. ಏಳನೇ ಕ್ಲಾಸು, ತಾಲ್ಲೂಕು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ ಮನೆಯ ಟೀವಿ ಪಕ್ಕದಲ್ಲಿ ಕೂತಿತ್ತು. ಅಪ್ಪ ಜಾವಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಹಣ್ಣು ಕೊಯ್ಲಿನ ಡಿಸೆಂಬರ್ ಬಂತೆಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹೊಂಡದ ಹುಳಿ ವಾಸನೆ ತಟ್ಟೆಯ ಅಕ್ಕಿರೊಟ್ಟಿಗೂ ಹತ್ತುತ್ತಿತ್ತು. ಕಾಫಿ ಒಣಗಿಸುವ ಕಣದಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದವಳು ರೂಪಾ. ಅಸ್ಸಾಮಿನಿಂದ ಕೆಲಸಕ್ಕೆ ಬಂದು ಆಳುಗಳ ಲೈನ್ ಮನೆಯಲ್ಲಿದ್ದ ಸೋಮ್ರಾ ಅಂಕಲ್ ಮಗಳು.

ಒಂದು ಸಂಜೆ ಸೋಮ್ರಾ ಅಂಕಲ್, ರೂಪಾ ಇಬ್ಬರೂ ನಮ್ಮ ಜಗಲಿಗೆ ಓಡಿಬಂದರು. ಊರಿನಲ್ಲಿ ಅಂಕಲ್ ತಾಯಿ ತೀರಿಕೊಂಡಿದ್ದರು. ನಾಳೆ ಸೂರ್ಯ ಮುಳುಗುವವರೆಗೆ ಕಾಯುತ್ತೇವೆ, ಆಮೇಲೆ ಆಗುವುದಿಲ್ಲ, ಮಣ್ಣು ಮಾಡಿಬಿಡುತ್ತೇವೆ ಎಂದು ಅವರಣ್ಣ ಫೋನಿನಲ್ಲಿ ಹೇಳಿದ್ದರಂತೆ. ರೈಲಿಗೆ ಮೂರು ದಿನ. ಧಣಿಗಳು ವಿಮಾನದ ಟಿಕೆಟ್ ತೆಗೆಸಿಕೊಡಲು ಒಪ್ಪಿದರು. ಅಪ್ಪ ಮೊಬೈಲ್ ಹಿಡಿದು ಕೂತರು.

"ಬೆಂಗಳೂರಿಂದ ಬೆಳಿಗ್ಗೆ ಆರಕ್ಕೊಂದು ಇದೆ, ಹತ್ತಕ್ಕೊಂದು ಇದೆ. ಯಾವುದು ಸೋಮ್ರಾ?"

"ಆರು ಸಾರ್. ಈಗ್ಲೇ ಹೊರಡ್ತೀನಿ."

ಕೇಳದಿದ್ದರೂ ನಾನು ಅಟ್ಲಾಸ್ ತಂದು ಸ್ಕೇಲ್ ಇಟ್ಟೆ. ಬೆಂಗಳೂರಿನಿಂದ ಗುವಾಹಟಿಗೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್.

"ಹಾರೋಕೆ ಮೂರು ಗಂಟೆ. ಹತ್ತಕ್ಕೆ ಹೊರಟ್ರೆ ಒಂದಕ್ಕೆ ಗುವಾಹಟಿ. ಅಲ್ಲಿಂದ ನಿಮ್ಮೂರಿಗೆ ನಾಲ್ಕು ಗಂಟೆ. ಐದಕ್ಕೆ ಮುಟ್ತೀರಿ. ಈ ಮಂಜಲ್ಲಿ ಜೀಪು ತಡ ಆಗಿ ಆರರದ್ದು ತಪ್ಪಿಹೋದ್ರೆ ಏನ್ ಮಾಡ್ತೀರಿ, ಹೇಳಿ?"

"ಅಲ್ಲಿ ಬೇಗ ಕತ್ತಲು, ಪುಟ್ಟಿ."

"ಒಂದೇ ದೇಶ, ಒಂದೇ ಗಡಿಯಾರ ಅಂಕಲ್! ಐದು ಅಂದ್ರೆ ಎಲ್ಲಿದ್ರೂ ಐದೇ. ಇನ್ನೂ ಒಂದು ಗಂಟೆ ಬಿಸಿಲಿರುತ್ತೆ."

ಅಪ್ಪ ನಕ್ಕರು. "ಇವಳ ಹತ್ರ ವಾದ ಮಾಡ್ಬೇಡ ಮಾರಾಯ, ಕಪ್ ತಂದವಳು."

ರೂಪಾ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಸುಮ್ಮನಾದಳು. ಹತ್ತರದ್ದೇ ಬುಕ್ ಆಯಿತು.

ಮರುದಿನ ಮಧ್ಯಾಹ್ನ, ಯಾಕೋ ತಡೆಯಲಾರದೆ, ಭೂಗೋಳದ ಮೇಷ್ಟ್ರನ್ನು ಕೇಳಿದೆ: "ಸಾರ್, ಅಸ್ಸಾಮಲ್ಲಿ ಸೂರ್ಯ ಬೇಗ ಮುಳುಗ್ತಾನಾ?"

"ಅಲ್ಲೇ ಮೊದ್ಲು ಹುಟ್ಟೋನು, ಮೊದ್ಲು ಮುಳುಗಲ್ವೇನೇ? ಅದೂ ಡಿಸೆಂಬರಲ್ಲಿ!"

ಆಮೇಲೆ ಮೇಷ್ಟ್ರು ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ. ಬುತ್ತಿಯ ಚಿತ್ರಾನ್ನ ಹಾಗೇ ಉಳಿಯಿತು. ಶಾಲೆ ಬಿಟ್ಟವಳೇ ರೂಪಾಳ ಜೊತೆ ಕಣದ ಕಟ್ಟೆ ಮೇಲೆ ಅಪ್ಪನ ಫೋನ್ ಹಿಡಿದು ಕೂತೆ. ಸಿಲ್ವರ್ ಓಕ್ ತುದಿಯ ಬಿಸಿಲು ಅಲ್ಲಾಡಿದರೂ ಫೋನಿನಲ್ಲಿ ಗಂಟೆ ನೋಡುತ್ತಿದ್ದೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನ್ ಬಂತು. ರೂಪಾ ಅವರ ಭಾಷೆಯಲ್ಲಿ ಎರಡು ಮಾತಾಡಿ, ನನ್ನ ಕೈಗೆ ಕೊಟ್ಟು, ಕಣದಾಚೆ ಹೋಗಿ ನಿಂತಳು.

"ನೀನು ಹೇಳಿದ ಟೈಮಿಗೇ ಮುಟ್ದೆ ಪುಟ್ಟಿ," ಎಂದರು ಅಂಕಲ್. "ನಾಲ್ಕೂವರೆಗೇ ಕತ್ತಲಾಯ್ತಂತೆ. ಮಣ್ಣಾಗಿದೆ." ಆಮೇಲೆ ಕೇಳಿದರು: "ಅಲ್ಲಿ ಇನ್ನೂ ಬಿಸಿಲು ಇದ್ಯಾ?"

ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ಮೇಲೆ, ರೂಪಾಳ ಬೆನ್ನ ಮೇಲೆ ಹಳದಿ ಬಿಸಿಲು ಬಿದ್ದಿತ್ತು.

"ಇಲ್ಲ ಅಂಕಲ್," ಎಂದೆ.

ಕೊಯ್ಲು ಮುಗಿದ ಮೇಲೆ ಅವರು ಬೇರೆ ಕಡೆ ಹೋದರು. ಆ ಕಣದಲ್ಲಿ ಮತ್ತೆ ನಾನು ಕುಂಟೆಬಿಲ್ಲೆ ಆಡಲಿಲ್ಲ. ಈಗ ಯಾವ ಊರಿನಲ್ಲಿ ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆಂದು ಫೋನೇ ಹೇಳುತ್ತದೆ. ವಾದ ಮಾಡುವುದನ್ನೇನೂ ಬಿಟ್ಟಿಲ್ಲ, ಗೆಲ್ಲುತ್ತೇನೆ ಕೂಡ. ಗೆದ್ದ ಖುಷಿ ಮಾತ್ರ ಆ ಜಗಲಿಯಲ್ಲೇ ಉಳಿಯಿತು. ಎದುರಿನವರು ಸುಮ್ಮನಾದ ಕೂಡಲೇ ಈಗ ನನಗೆ ಹೆದರಿಕೆ. "ಏನೋ ಹೇಳೋಕೆ ಹೊರಟಿದ್ರಲ್ಲ," ಎನ್ನುತ್ತೇನೆ, "ಹೇಳಿ."