ಜಡೆ ಹೆಣೆದ ಬಲಗೈ

2020ರಲ್ಲಿ ನಾನು ನೆದರ್‌ಲ್ಯಾಂಡ್ಸ್‌ನ ಆಮ್ಸ್ಟೆಲ್‌ವೀನ್‌ನ ಕ್ಲಿನಿಕ್ ಒಂದರಲ್ಲಿ ಹ್ಯಾಂಡ್ ಥೆರಪಿಸ್ಟ್ ಆಗಿದ್ದೆ. ಪೆಟ್ಟಾದ ಕೈಗಳನ್ನು ವ್ಯಾಯಾಮದಿಂದ ಮತ್ತೆ ಕೆಲಸಕ್ಕೆ ಹಚ್ಚುವುದು ನಮ್ಮ ಕಸುಬು. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ, ರೋಗಿಗಳನ್ನು ವಿಡಿಯೋ ಕಾಲ್‌ನಲ್ಲೇ ನೋಡಬೇಕಾಯಿತು. ಡೆಲ್ಲಾ ನನಗೆ ಸಿಕ್ಕಿದ್ದು ಹಾಗೆ.

ಅರವತ್ತು ದಾಟಿದ ಅವರು, ಅಮೆರಿಕದವರು 'ಸೌತ್' ಎನ್ನುವ ದಕ್ಷಿಣ ಸೀಮೆಯ ಮಿಸಿಸಿಪ್ಪಿಯ ಕಪ್ಪು ಮಹಿಳೆ. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುತ್ತ, ಯಾರಿಂದಲೂ ಕಲಿಯದೆ, ಹಳೆಯ ಬೆಡ್‌ಶೀಟ್‌ಗಳ ಮೇಲೆ ತಮ್ಮ ಕಡೆಯ ಹೆಂಗಸರನ್ನು ಚಿತ್ರಿಸುತ್ತ ಬಂದವರು. ಪ್ರದರ್ಶನಕ್ಕೆಂದು ಆಮ್ಸ್ಟರ್‌ಡ್ಯಾಮ್‌ಗೆ ಬಂದ ವಾರವೇ ಸೈಕಲ್ ಡಿಕ್ಕಿಯಾಗಿ ಬಲ ಮಣಿಕಟ್ಟು ಮುರಿಯಿತು. ಆಮೇಲೆ ಗ್ಯಾಲರಿಗೆ ಬೀಗ ಬಿತ್ತು, ವಿಮಾನ ರದ್ದಾಯಿತು. ಚಿತ್ರಗಳು ಅಲ್ಲಿ ಸೆರೆ, ಇವರು ಬಾಡಿಗೆಯ ಅಟ್ಟದ ಕೋಣೆಯಲ್ಲಿ.

ಪ್ಲಾಸ್ಟರ್ ತೆಗೆದ ಮೇಲೂ ಬೆರಳು ಬಗ್ಗಲಿಲ್ಲ. ಮೂಳೆ ಕೂಡಿದರೂ ನರಗಳು ನೋವಿನ ಸುದ್ದಿ ಕಳಿಸುತ್ತಲೇ ಇರುವ ಈ ಸ್ಥಿತಿಗೆ ಸಿಆರ್‌ಪಿಎಸ್ ಎನ್ನುತ್ತೇವೆ. ಆಡಿಸದಿದ್ದರೆ ಕೈ ಹಾಗೆಯೇ ಸೆಟೆದುಕೊಳ್ಳುತ್ತದೆ. ಸ್ಪಂಜ್ ಹಿಸುಕಿ ಎಂದರೆ ಹಲ್ಲು ಕಚ್ಚಿ ಎರಡು ಸಲ ಹಿಸುಕಿ ಬಿಟ್ಟುಬಿಡುತ್ತಿದ್ದರು.

"ಮುಟ್ಟಲಾರದ ಕೈ ಹ್ಯಾಂಗ ರಿಪೇರಿ ಮಾಡ್ತೀ?" ಎಂದು ನನ್ನ ಗಂಡ ಕೇಳಿದರು.

ಒಂದು ದಿನ ಡೆಲ್ಲಾ ಕ್ಯಾಮೆರಾ ಆನ್ ಮಾಡಲೇ ಇಲ್ಲ.

"ನನ್ನನ್ನ ನೋಡಬೇಡಿ. ಒಂದೇ ಕೈಯಲ್ಲಿ ಜಡೆ ಹಾಕೋಕಾಗಲ್ಲ. ತಲೆ ಕೆದರಿಕೊಂಡು ಎದುರಿಗೆ ಬಂದಿದ್ರೆ ನಮ್ಮಜ್ಜಿ ಸುಮ್ನೆ ಬಿಡ್ತಿರಲಿಲ್ಲ."

"ನಮ್ಮಜ್ಜಿನೂ ಅಷ್ಟೇ," ಎಂದೆ. "ನಾನೂ ಸೌತ್‌ನವಳೇ, ಇಂಡಿಯಾದ ಸೌತ್."

ಅವರು ನಕ್ಕಿದ್ದು ಅಂದೇ ಮೊದಲು. ಅಜ್ಜಿಯ ಮೊಣಕಾಲ ನಡುವೆ ಕೂತು ತಲೆ ಹೆಣೆಸಿಕೊಂಡದ್ದು, ತಂಗಿಯರ ತಲೆಯ ಮೇಲೆ ತಾವೂ ಆ ಕೆಲಸ ಕಲಿತದ್ದು, ಎಲ್ಲ ಹೇಳಿದರು. ಸ್ಪಂಜ್ ಪಕ್ಕಕ್ಕಿಡಲು ಹೇಳಿದೆ. ಬಟ್ಟೆಯ ಮೂರು ಪಟ್ಟಿಗಳನ್ನು ಕುರ್ಚಿಗೆ ಕಟ್ಟಿ ಹೆಣೆಯಿರಿ ಎಂದೆ. ಹೆಬ್ಬೆರಳು ಮತ್ತು ತೋರುಬೆರಳಷ್ಟೇ ಏಳುತ್ತಿದ್ದವು. ಬೈದರು, ಅತ್ತರು, ಕಾಲ್ ಕಟ್ ಮಾಡಿದರು. ಮರುದಿನ ತಾವೇ ಕರೆ ಮಾಡಿದರು.

ಮೇ ತಿಂಗಳಲ್ಲಿ ಕ್ಲಿನಿಕ್ ತೆರೆದಾಗ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದರು. ನನ್ನ ಉದ್ದ ಜಡೆ ನೋಡಿ, "ಬಿಚ್ತೀರಾ?" ಎಂದರು.

ಜಡೆ ಬಿಚ್ಚಿ, ಮಾಸ್ಕ್ ಸರಿಪಡಿಸಿಕೊಂಡು ಬೆನ್ನು ಮಾಡಿ ಕುಳಿತೆ. ನೋವು ಬಂದಾಗ ಅವರ ಕೈ ನಿಲ್ಲುತ್ತಿತ್ತು, ಮತ್ತೆ ಸಾಗುತ್ತಿತ್ತು. ಸೊಟ್ಟಗಿದ್ದರೂ ಜಡೆ ತುದಿಯವರೆಗೆ ಬಂತು. ತಿಂಗಳುಗಳಿಂದ ಬೇರೆಯವರ ಕೈ ನನ್ನ ತಲೆ ಮುಟ್ಟಿರಲಿಲ್ಲ. ನನ್ನ ಕಣ್ಣು ತುಂಬಿತು.

ಜುಲೈನಲ್ಲಿ, ಇಲ್ಲಿಯ ಬೇಸಿಗೆಯಲ್ಲಿ, ಅವರು ಊರಿಗೆ ಹೊರಟರು. ಮಣಿಕಟ್ಟು ಪೂರ್ತಿ ಬಗ್ಗಲೇ ಇಲ್ಲ; ಭುಜದಿಂದ ಕುಂಚ ಆಡಿಸುವುದನ್ನು ರೂಢಿಸಿಕೊಂಡಿದ್ದರು. ಅಲ್ಲಿಯತನಕ ನಾನು ಹೊಸ ರೋಗಿಗೆ ಎಲ್ಲಿ ನೋವು ಎಂದು ಮೊದಲು ಕೇಳುತ್ತಿದ್ದೆ. ಈಗ ಕೇಳುವುದೇ ಬೇರೆ: "ಈ ಕೈ ಮೊದಲು ಏನೇನು ಮಾಡ್ತಿತ್ತು?"