ಒಂದೇ ಮಷೀನಿನಲ್ಲಿ ಕಾಣುವ ಮುಖ

ಮಾವನ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಅದನ್ನು ಅವನು ಕತ್ತರಿಸುತ್ತಿರಲಿಲ್ಲ. ವಿಸಿಆರ್ ಹೊಟ್ಟೆಯೊಳಗಿನ ಕೂದಲಿನಂಥ ಸ್ಪ್ರಿಂಗನ್ನು ಆ ಸೀಳಿಗೆ ಸಿಕ್ಕಿಸಿ ಮೇಲೆತ್ತುತ್ತಿದ್ದ. ಬಲಗೈಯ ಹೆಬ್ಬೆರಳು ಎಂದು ನನ್ನ ನೆನಪು. ಎಡಗೈ ಎಂದು ತಂಗಿ ವಾದಿಸುತ್ತಾಳೆ. ನಮ್ಮಿಬ್ಬರಲ್ಲಿ ಒಬ್ಬರ ನೆನಪು ಕನ್ನಡಿಯಲ್ಲಿ ಕಂಡದ್ದು.

ಅವ್ವನ ತಮ್ಮ ಅವನು. ಎಂಬತ್ತರ ದಶಕದಲ್ಲಿ ಹರಪನಹಳ್ಳಿ ಬಸ್ ನಿಲ್ದಾಣದ ಹಿಂದೆ, ದರ್ಜಿಯೊಬ್ಬನ ಅಂಗಡಿಗೆ ಅಂಟಿದ ಖೋಲಿಯಲ್ಲಿ ವಿಸಿಆರ್ ರಿಪೇರಿ ಮಾಡುತ್ತಿದ್ದ. ಆಗ ಟಿವಿ, ವಿಸಿಆರ್‌ಗಳು ಕಂಬಳಿಯಲ್ಲಿ ಸುತ್ತಿಸಿಕೊಂಡು, ಬಸ್ಸಿನ ಟಾಪಿನ ಮೇಲೆ ಕೂತು, ನೀಲಗುಂದಕ್ಕೆ, ಇಟ್ಟಿಗಿಗೆ ಬಾಡಿಗೆಗೆ ಹೋಗುತ್ತಿದ್ದವು. ಧೂಳು ಕುಡಿದು, ಕುಲುಕಿ, ಕೆಟ್ಟು ಮಾವನ ಹತ್ತಿರ ಬರುತ್ತಿದ್ದವು. ಹೊಸ ಬಿಡಿಭಾಗ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಅವನು ಕೊಳ್ಳುತ್ತಿದ್ದನೆಂದು ನನಗನ್ನಿಸುವುದಿಲ್ಲ. ಸತ್ತ ಮಷೀನುಗಳನ್ನು ಗುಜರಿಯಿಂದ ತಂದು, ಒಂದರ ಮೋಟಾರು ಇನ್ನೊಂದಕ್ಕೆ ಹಾಕುತ್ತಿದ್ದ. ಸೈಕಲ್ ಟ್ಯೂಬು ಕತ್ತರಿಸಿ ಬೆಲ್ಟು ಮಾಡುತ್ತಿದ್ದ. "ಸತ್ತ ಎಮ್ಮಿಗೆ ಹತ್ತು ಸೇರು ಹಾಲಾತಲ್ಲೋ ನಿಂದು" ಎಂದು ದರ್ಜಿ ಅಣಕಿಸಿದರೆ, "ಹಾಲು ಹಾಳಾಗ್ಲಿ, ತೊಗಲು ಐತಲ್ಲ" ಎನ್ನುತ್ತಿದ್ದ.

ಗುಜರಿ ಸಾಲದಾದಾಗ ಗಿರಾಕಿಗಳ ಮಷೀನಿಗೇ ಕೈ ಹಾಕುತ್ತಿದ್ದ. ಕೊಟ್ಟೂರಿನವನೊಬ್ಬ ರಿಪೇರಿಗೆ ಬಿಟ್ಟದ್ದನ್ನು ಒಯ್ಯಲು ಬಂದು ಮುಚ್ಚಳ ಎತ್ತಿದರೆ ಒಳಗೆ ಬಯಲು.

"ನನ್ನ ಮಷೀನ್ ಎಲ್ಲೈತೋ ಮಾರಾಯ?"

"ಅರ್ಧ ಕೂಡ್ಲಿಗ್ಯಾಗೈತಿ, ಅರ್ಧ ಹಡಗಲ್ಯಾಗ. ಎಲ್ಡೂ ಕಡಿ ಚಂದಾಗಿ ಓಡಾಕತ್ತೈತಿ."

"ಮತ್ತ ನಂದು?"

"ನಿಂದು ಹೆಂಗೂ ಕೆಟ್ಟಿತ್ತಲ್ಲ. ಕೆಟ್ಟದ್ದಕ್ಕ ಏನು ಅವಸರ?"

ಆ ಮನುಷ್ಯ ನಕ್ಕುಬಿಟ್ಟ. ನಾನೂ ನಕ್ಕೆ. ಮಾವನನ್ನು ನೆನೆಯುವವರೆಲ್ಲ ಇಂಥದೊಂದು ಕಥೆ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ನಿಲ್ಲಿಸಲಾಗುವುದಿಲ್ಲ.

ತಂಗಿಯ ಮದುವೆಗೆ ದಾವಣಗೆರೆಯಿಂದ ವಿಡಿಯೋದವನು ಬಂದಿದ್ದ. ಆಗ ಕ್ಯಾಮೆರಾ ಬೇರೆ, ಟೇಪು ತಿರುಗುವ ರೆಕಾರ್ಡರು ಬೇರೆ, ನಡುವೆ ವೈರು. ಅಕ್ಷತೆಗೆ ಮೊದಲೇ ಅವನ ರೆಕಾರ್ಡರು ಟೇಪು ನುಂಗಿ ನಿಂತಿತು. ಮಾವ ತನ್ನ ಸ್ವಂತ ವಿಸಿಆರನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬಂದ. ಮೂರು ಸತ್ತ ಮಷೀನುಗಳಿಂದ ಕೂಡಿಸಿದ್ದು ಅದು. ವೈರು ಕತ್ತರಿಸಿ, ಬೆಸೆದು, ಕ್ಯಾಮೆರಾಕ್ಕೆ ಜೋಡಿಸಿದ. "ನನ್ನ ಮಷೀನ್ ಇಲ್ದಿದ್ರ ಮದುವೀನ ಆಗ್ತಿರ್ಲಿಲ್ಲ" ಎಂದು ಬೀಗರ ಮುಂದೆಲ್ಲ ಹೇಳಿಕೊಂಡು ತಿರುಗಿದ.

ಆ ಟೇಪಿನಲ್ಲಿ ಅವ್ವ ಇದ್ದಳು. ಪಂಕ್ತಿಯ ನಡುವೆ ಹುಗ್ಗಿಯ ಸೌಟು ಹಿಡಿದು, "ಆ ಸಾಲಿಗೆ ತುಪ್ಪ ಬಂದಿಲ್ಲ ನೋಡ್ರಿ" ಎಂದು ಕೂಗುತ್ತಾಳೆ. ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಕಂಡು, "ನನ್ನನ್ಯಾಕ ತಗೀತಿಯಪ್ಪ, ಮದಲಗಿತ್ತೀನ ತಗಿ" ಎಂದು ನಗುತ್ತಾಳೆ. ಮರುವರ್ಷ ಕಾಮಾಲೆಯಾಗಿ ಹೋದಳು. ಮನೆಯಲ್ಲಿದ್ದ ಅವಳ ಒಂದೇ ಫೋಟೋದಲ್ಲಿ ಕಣ್ಣು ಮುಚ್ಚಿವೆ.

ತಂಗಿ ಹಡಗಲಿಯ ಗಂಡನ ಮನೆಯಲ್ಲಿ ಬಾಡಿಗೆ ವಿಸಿಆರ್ ತರಿಸಿ ಟೇಪು ಹಾಕಿದಳು. ಅವ್ವನ ದನಿ ಬಂತು. ಪರದೆಯ ಮೇಲೆ ಮಾತ್ರ ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ ಬಿಳುಪು ಉದುರುತ್ತಿತ್ತು. ನಾನು ಟೀಚರಾಗಿದ್ದ ಹಗರಿಬೊಮ್ಮನಹಳ್ಳಿಯಲ್ಲಿ ಹಾಕಿಸಿದಾಗಲೂ ಅಷ್ಟೇ. ಮಾವನನ್ನು ಕೇಳಿದೆವು.

"ಟೇಪು ಎಲ್ಡು ಸಣ್ಣ ಕಂಬದ ನಡುವ ಹಾಯ್ದು ಚಿತ್ರ ಓದೋ ಡ್ರಮ್ಮಿಗೆ ಸುತ್ತತೈತಿ. ನನ್ನ ಮಷೀನಿನ ಕಂಬ ಕಣ್ಣಳತಿ ಮ್ಯಾಲೆ ಕೂಡ್ಸೀನಿ, ಒಂದು ಎಳಿ ಸೊಟ್ಟ ಅದಾವ. ಅದು ಬರದದ್ದು ಅದಕ್ಕ ಅಷ್ಟ ಓದಾಕ ಬರ್ತೈತಿ."

ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು.

"ಹಂಗಾದ್ರ ನಿನ್ನ ಮಷೀನಿನ್ಯಾಗ ಓಡಿಸಿ ಬ್ಯಾರೆ ಟೇಪಿಗೆ ಇಳಿಸಿಕೊಡು ಮಾವ" ಎಂದೆ.

"ಕಾಪಿ ಮಾಡಿದ್ರ ಮಾರಿ ಮಸಕಾಗ್ತೈತಿ. ಯಾಕ ಬೇಕವಾ? ನಿಮ್ಮವ್ವನ್ನ ನೋಡಬೇಕಂದ್ರ ನನ್ನ ಹತ್ರ ಬರ್ರಿ."

ಹೋದೆವು. ಖೋಲಿಯ ನೆಲದ ಮೇಲೆ, ಬಿಚ್ಚಿದ ಮಷೀನುಗಳ ನಡುವೆ ಕೂತು ಅವ್ವನನ್ನು ನೋಡಿ ಬರುತ್ತಿದ್ದೆವು. ಪ್ರತಿ ಸಲವೂ ಕಾಪಿ ಕೇಳುತ್ತಿದ್ದೆ. ಪ್ರತಿ ಸಲವೂ ಮುಂದಿನ ಸಲ ಎನ್ನುತ್ತಿದ್ದ. ನಾವು ಬರುವುದು ಅವನಿಗೆ ಬೇಕಿತ್ತು.

ತಂಗಿ ಹಸುಗೂಸನ್ನು ಎತ್ತಿಕೊಂಡು, ಅಜ್ಜಿಗೆ ತೋರಿಸುವವಳ ಹಾಗೆ, ನನ್ನ ಜೊತೆ ಬಂದ ದಿನ ಆ ಮಷೀನಿನ ಮುಚ್ಚಳ ತೆಗೆದಿತ್ತು. ಡ್ರಮ್ಮು ಇರಲಿಲ್ಲ.

"ಸಾಹುಕಾರ್ರ ಮನಿಗೆ ಬೀಗರು ಬಂದಿದ್ರು" ಎಂದ ಮಾವ. ಮೆಕ್ಕೆಜೋಳದ ವ್ಯಾಪಾರದ ಸಾಹುಕಾರರು. "ಪಿಚ್ಚರ್ ನೋಡಬೇಕಂದ್ರಂತ. ಅವ್ರ ಡ್ರಮ್ ಸತ್ತಿತ್ತು. ಅರ್ಜೆಂಟ್ ಇತ್ತವಾ."

"ಅವ್ವ?" ಎಂದಳು ತಂಗಿ.

"ಎಲ್ಲಿ ಹೋಗ್ತಾಳ? ಟೇಪಿನ್ಯಾಗ ಅದಾಳ. ಬ್ಯಾರೆ ಡ್ರಮ್ ಕೂಡಿಸ್ತೀನಿ."

ಕೂಡಿಸಿದ. ಕೂಡಿಸಲು ಹೋಗಿ ಕಂಬಗಳನ್ನು ತಿರುಗಿಸಿದ. ಮೊದಲು ಅವು ಎಲ್ಲಿದ್ದವೆಂದು ಗುರುತು ಹಾಕಿರಲಿಲ್ಲ. ಗುರುತು ಹಾಕುವುದು ಕೈ ಬಾರದವರ ಕೆಲಸ ಎನ್ನುತ್ತಿದ್ದವನು. ಎಷ್ಟೋ ಭಾನುವಾರ ತಿರುಗಿಸುತ್ತ ಕೂತ. ಒಮ್ಮೆ ಪರದೆಯ ಕೆಳಗಿನ ಅರ್ಧ ಬಂತು: ಸೀರೆಯ ಅಂಚು, ಕೈ, ಸೌಟು. ಮೇಲೆ, ತಲೆ ಇರಬೇಕಾದ ಕಡೆ, ಅದೇ ಹಿಟ್ಟು. "ಬಂದ್ಲು ನೋಡ್ರಿ, ಬಂದ್ಲು" ಎಂದ ಮಾವ. ತಂಗಿ ಎದ್ದು ಹೊರಗೆ ಹೋದಳು.

ದಾವಣಗೆರೆಯ ವಿಡಿಯೋದವನಿಗಾದರೂ ತೋರಿಸೋಣ ಎಂದು ಬೇಡಿಕೊಂಡೆ.

"ಟೇಪು ನುಂಗೋನ ಕೈಯಾಗ ನಮ್ಮಕ್ಕನ್ನ ಕೊಡಂತಿಯೇನು?"

ಕಡೆಗೆ ನುಂಗಿದ್ದು ಮಾವನದೇ ಮಷೀನು. ಅದೇ ಜಾಗದಲ್ಲಿ, ಹುಗ್ಗಿಯ ಪಂಕ್ತಿಯಲ್ಲಿ, ಓಡಿಸಿ ಓಡಿಸಿ ಸವೆದ ಟೇಪು ರೋಲರಿಗೆ ಸುತ್ತಿಕೊಂಡು ನುಗ್ಗಾಯಿತು. ಬಿಡಿಸಿ, ತೊಡೆಯ ಮೇಲೆ ಹಾಸಿ, ಉಗುರಿನಿಂದ ತೀಡಿ ತೀಡಿ ಸಪಾಟು ಮಾಡಿ ಕೊಟ್ಟ. ಆಮೇಲೆ ಅಲ್ಲಿ ದನಿಯೂ ಬರಲಿಲ್ಲ.

ಅಕ್ಕನ ಮುಖ ನೋಡಲಾರದೆ ತಾನೇ ಮಷೀನು ಬಿಚ್ಚಿದ ಎಂದು ನಮ್ಮ ಬಳಗದಲ್ಲಿ ಒಂದು ಮಾತಿದೆ. ಕೇಳಲು ಚೆನ್ನಾಗಿದೆ. ಹೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ನಾನು ನಂಬುವುದಿಲ್ಲ. ಸಾಹುಕಾರರ ಬೀಗರು ಪಿಚ್ಚರ್ ನೋಡಬೇಕೆಂದರು, ಇವನಿಗೆ ಇಲ್ಲ ಎನ್ನಲು ಬರಲಿಲ್ಲ. ಅಷ್ಟೇ ಆದದ್ದು.

ಮುಂದೆ ಅವನ ಜೊತೆ ನಾನು ಬೇಕಾದಷ್ಟೇ ಮಾತಾಡಿದೆ. ಹಬ್ಬಕ್ಕೆ ಹೋದೆ, ಉಂಡೆ, ಬಂದೆ. ಟೇಪಿನ ಮಾತು ಅವನೂ ಎತ್ತಲಿಲ್ಲ.

ಮಾವ ತೀರಿಕೊಂಡ ಸುದ್ದಿ ಬಂದಾಗ ಹೋಗಬೇಕೋ ಬೇಡವೋ ಎಂದು ಯೋಚಿಸಿದ್ದು ನಿಜ. ಹೋದೆ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಆಸ್ಪತ್ರೆಯಲ್ಲಿ ಮೀಸೆ ತೆಗೆದಿದ್ದರಂತೆ. ಮೀಸೆಯಿಲ್ಲದ ಅವನನ್ನು ನಾನು ಎಂದೂ ಕಂಡಿರಲಿಲ್ಲ. ಎದುರಿಗೆ ಕೂತು ತಲೆ ಎತ್ತಿದರೆ, ಆ ಮೇಲ್ದುಟಿ ಅವ್ವನದು. ಹುಬ್ಬು ಮುಗಿಯುವ ಕಡೆಯ ಇಳಿಜಾರೂ ಅವಳದೇ.

"ಅಳು ಬರವಲ್ದೇನವಾ ನಿನಗ? ಅತ್ತು ಹಗುರಾಗು" ಎಂದಳು ಪಕ್ಕದಲ್ಲಿದ್ದ ಮುದುಕಿ.

ಅತ್ತರೆ ಕಣ್ಣು ಮಂಜಾಗುತ್ತದೆ. ನಾನು ನೋಡುತ್ತಿದ್ದೆ. ಎತ್ತುವ ಹೊತ್ತಾಯಿತೆಂದು ಗಂಡಸರು ಒಳಗೆ ಬರುವವರೆಗೂ ನೋಡಿದೆ. ಬೇಕಾದ ತುಟಿ, ಬೇಕಾದ ಹುಬ್ಬು ಬಿಚ್ಚಿಕೊಂಡೆ. ಉಳಿದದ್ದನ್ನು ಅವರು ಒಯ್ದರು.