ಸಾಗರದ ಎಕ್ಸ್‌ರೇ ಮೇಜು

ಹೊಸನಗರದಿಂದ ಹೊರಟ ಬಸ್ಸು ಸಾಗರ ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ಎಕ್ಸ್‌ರೇಗೆಂದು ಗರ್ಭಕ್ಕೆ ಬಿಡುವ ಔಷಧಿ ಮೈಗೆ ಒಗ್ಗದೆ ನಾನು ಅಲ್ಲೇ ಕಣ್ಣು ಮುಚ್ಚಬಹುದಿತ್ತು. ಪ್ಲೇಟು ಅದಲುಬದಲಾಗಿ ಯಾರದೋ ಮುರಿದ ಮೊಣಕೈ ನನ್ನ ಹೆಸರಿಗೆ ಬರಬಹುದಿತ್ತು. ಆಸ್ಪತ್ರೆ ಬಾಗಿಲಲ್ಲಿ ಊರಿನವರೇ ಸಿಕ್ಕಿ, "ಎಂತ, ಈ ಕಡೆ?" ಎನ್ನಬಹುದಿತ್ತು. ಗರ್ಭದ ಎರಡೂ ನಾಳ ಮುಚ್ಚಿರಬಹುದಿತ್ತು. ಈ ಕೊನೆಯದರ ಬಗ್ಗೆ ಮಾತ್ರ ಚಿಂತೆ ಮಾಡಿರಲಿಲ್ಲ. ಅಷ್ಟು ದೊಡ್ಡದನ್ನು ಹೊರುವ ಅಭ್ಯಾಸ ನನಗಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳ ಜಾತಕ ತರಿಸಿ ಅತ್ತೆ ದೇವರ ಗೂಡಿನಲ್ಲಿಟ್ಟಿದ್ದರು. ದಿನಾ ಬೆಳಿಗ್ಗೆ ಅದರ ಮುಂದೆ ದೀಪ ಹಚ್ಚುವವಳು ನಾನೇ. "ಡಾಕ್ಟ್ರು ಎಂತ ಹೇಳ್ತಾರೆ ನೋಡಣ, ಆಮೇಲೆ ಆ ಮಾತು," ಎಂದು ನನ್ನ ಗಂಡ ತಾಯಿಗೆ ಹೇಳಿದ್ದರು. ಅದು ನನ್ನ ಪರವಾದ ಮಾತೋ ಅಲ್ಲವೋ, ನಾನು ಕೇಳಲಿಲ್ಲ.

ಸಾಗರದ ಆಸ್ಪತ್ರೆಯ ದಾದಿ ಗಟ್ಟಿ ಹೆಂಗಸು. "ಮೈಮೇಲೆ ಒಡವೆ ಎಂತ ಇದ್ರೂ ತೆಗೀರಿ. ತಾಳಿ ಇರ್ಲಿ, ಅಷ್ಟು ಮೇಲಿಂದು ನಮ್ಗೆ ಬ್ಯಾಡ," ಎಂದರು. ಬಳೆ, ಓಲೆ, ಕಾಲುಂಗುರ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿದೆ. ಜಡೆಯ ಹೇರ್‌ಪಿನ್ನುಗಳನ್ನೂ ಕಿತ್ತೆ.

"ಪಿನ್ನು ಎಂತಕ್ಕೆ ಮಾರಾಯ್ರೇ? ನಾವು ತೆಗೆಯೋದು ತಲೆದಲ್ಲ!"

"ಯಾವುದಕ್ಕೂ ಇರ್ಲಿ," ಎಂದೆ.

ಲಂಗವನ್ನು ಸೊಂಟಕ್ಕೆ ಸುತ್ತಿಕೊಂಡು ತಣ್ಣನೆಯ ಮೇಜಿನ ಮೇಲೆ ಮಲಗಿದೆ.

"ಕೆಳಗೆ ಜಾರಿ. ಇನ್ನೂ ಸ್ವಲ್ಪ. ಸೊಂಟ ತುದಿಗೆ ಬರ್ಬೇಕು."

"ಬೀಳ್ತೀನಿ."

"ನಾ ಇದ್ದೀನಲ್ಲ. ಈ ಮೈ ಸುಮ್ನೆ ಬೆಳ್ಸಿದೀನಾ?"

ಮೊಣಕಾಲು ಮಡಿಸಿ, ಪಾದಗಳನ್ನು ಎರಡು ಸ್ಟೂಲುಗಳ ಮೇಲೆ ದೂರದೂರ ಇಡಿಸಿದರು. ಡಾಕ್ಟರಮ್ಮ ಔಷಧಿಯ ನಳಿಗೆ ಸೇರಿಸಿದ ಮೇಲೆ, ಅದು ಅಲುಗದಂತೆ ಇಬ್ಬರೂ ನನ್ನನ್ನು ಮೇಲಕ್ಕೆಳೆದು, ಕಾಲು ನೀಡಿಸಿ, ಸೊಂಟವನ್ನು ಪ್ಲೇಟಿನ ನೇರಕ್ಕೆ ತಂದರು. ಕಾಲಿನ ಕಡೆ ಮೇಜಿನಡಿಗೆ ಎರಡು ಮರದ ತುಂಡು ಕೊಟ್ಟರು. ತಲೆ ಕೆಳಗಾಯಿತು. ಮೇಲಿದ್ದ ಯಂತ್ರಕ್ಕೆ ಮೂರು ತಿರುಪು. ನಾಲ್ಕನೆಯದರ ಜಾಗದಲ್ಲಿ ಬರೀ ತೂತು. ಬೇರೆ ದಿನವಾಗಿದ್ದರೆ ಅದು ಮೇಲೆ ಬೀಳುತ್ತದೆಂದು ಎದ್ದು ಓಡುತ್ತಿದ್ದೆ. ಅಂದು ಎಣಿಸಿದೆ, ಅಷ್ಟೆ.

"ಉಸ್ರು ಹಿಡ್ಕಳಿ." ಹಿಡಿದೆ. "ಬಿಡಿ." ಬಿಟ್ಟೆ. ನೋವು ಬಂತು, ಪಕ್ಕದ ಕೋಣೆಯಲ್ಲಿ ಯಾರಿಗೋ ಬಂದ ಹಾಗೆ. ಎರಡು ಪ್ಲೇಟು ತೆಗೆದರು.

ಅವನ್ನು ತೊಳೆದು ಒಣಗಿಸಿ, ಹೊರಗೆ ಕಾಯುತ್ತಿದ್ದ ಗಂಡನನ್ನೂ ಒಳಗೆ ಕರೆದು, ಡಾಕ್ಟರಮ್ಮ ನಮ್ಮಿಬ್ಬರ ಮುಂದೆ ಬೆಳಕಿಗೆ ಹಿಡಿದರು. "ಎಡಗಡೆ ನಾಳ ತೆರೆದಿದೆ. ಒಂದಿದ್ರೂ ಸಾಕು."

ನನ್ನ ಗಂಡ ಕುರ್ಚಿಯಿಂದೆದ್ದು ಮತ್ತೆ ಕೂತರು. "ಬಲಗಡೆದು?"

"ಅದು ಹೇಳೋಕಾಗಲ್ಲ. ಇದೆಂತದಮ್ಮ, ಇಲ್ಲಿ?"

ಬಲಗಡೆ ನಾಳ ಇರಬೇಕಾದಲ್ಲಿ, ಎರಡು ಪ್ಲೇಟಿನಲ್ಲೂ, ಬೆಳ್ಳಗೆ ಒಂದು ಪುಟ್ಟ ಕೊಳವೆ. ಮಗುವಾಗಲೆಂದು ಅತ್ತೆ ನನ್ನ ಸೊಂಟಕ್ಕೆ ಕಟ್ಟಿದ್ದ ತಾಮ್ರದ ತಾಯಿತ. ಹೆರಿಗೆಯಾಗುವ ತನಕ ಬಿಚ್ಚಬಾರದೆಂದಿದ್ದರು. ಸ್ನಾನದಲ್ಲೂ ಬಿಚ್ಚದೆ ಐದು ವರ್ಷ ಕಳೆದ ಮೇಲೆ ಅದು ನನಗೆ ಒಡವೆಯಲ್ಲ, ಮೈಯೇ. ಸುತ್ತಿದ ಲಂಗದೊಳಗೆ ದಾದಿಗೂ ಕಂಡಿರಲಿಲ್ಲ. ಹೇರ್‌ಪಿನ್ನು ಕಿತ್ತವಳು ಇದನ್ನು ಮರೆತಿದ್ದೆ. ಇನ್ನೊಮ್ಮೆ ಎಕ್ಸ್‌ರೇ ತೆಗೆಯಲು ಔಷಧಿ ಇರಲಿಲ್ಲ. ಇದ್ದದ್ದು ಒಂದೇ ಸೀಸೆ.

ಮನೆಗೆ ಬಂದಾಗ ಅತ್ತೆ ಪ್ಲೇಟನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ಅವರಿಗೆ ಗುರುತು ಸಿಕ್ಕಿದ್ದು ಒಂದೇ.

"ನೋಡೇ, ನಾ ಕಟ್ಟಿದ್ದು ಒಳಗೇ ಹೋಗಿ ಕೂತಿದೆ!" ಎಂದು ಕಣ್ಣಿಗೊತ್ತಿಕೊಂಡರು. ಎಡಗಡೆಯ ಸುದ್ದಿ ಹೇಳಲು ಹೊರಟ ಮಗನನ್ನು ಕೈಯಾಡಿಸಿ ಸುಮ್ಮನಾಗಿಸಿದರು.

ಮರುದಿನ ದೀಪ ಹಚ್ಚಲು ಹೋದರೆ ಗೂಡಿನಲ್ಲಿ ಜಾತಕವಿರಲಿಲ್ಲ. ಆ ಜಾಗದಲ್ಲಿ ನನ್ನ ಪ್ಲೇಟು, ಮೂಲೆಯಲ್ಲೊಂದು ಕುಂಕುಮದ ಬೊಟ್ಟಿನೊಂದಿಗೆ. ದೀಪ ಹಚ್ಚಿದೆ. ಹೀಗೆ ಅಂದು ಕೆಟ್ಟದ್ದು ಒಂದೇ: ನನ್ನ ಬಲಗಡೆಯ ನಾಳ ತೆರೆದಿತ್ತೋ ಮುಚ್ಚಿತ್ತೋ, ಇವತ್ತಿಗೂ ಗೊತ್ತಿಲ್ಲ.